ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದೇ ತಾಸು

ಬೆಂಗಳೂರಿಗೆ ಹೋಗಬೇಕಾದವನು ಬ್ಯಾಡಗಿಯಿಂದ ಹುಬ್ಬಳ್ಳಿ ಕಡೆಗೆ ಹೊರಟೆ. ಮೋಟೆಬೆನ್ನೂರಿನ ಹತ್ತಿರ ಕಾರು ಹೆದ್ದಾರಿಗೆ ಏರಿ, ಬಲಕ್ಕೆ ಬೆಂಗಳೂರು ದಾರಿ ಬಿಟ್ಟು ಎಡಕ್ಕೆ ಹೊರಳಿದಾಗಲೇ ನನ್ನ ತಲೆ ಕೆಟ್ಟಿತು.

ಅಂದು ಸಂಜೆ ಬೆಂಗಳೂರಿನಲ್ಲಿ ನನ್ನ ಅಕ್ಕನಿಗೆ ಹೃದಯದ ಆಪರೇಷನ್. "ನಿನ್ನ ಮಾರಿ ನೋಡೇ ಒಳಗ ಹೋಗ್ತೇನಿ ತಮ್ಮಾ" ಎಂದು ಫೋನಿನಲ್ಲಿ ಹೇಳಿದ್ದಳು. ಹಿಂದಿನ ದಿನ ಪೇಟೆಯಲ್ಲಿ ಮೆಣಸಿನಕಾಯಿ ಟೆಂಡರ್, ನನ್ನ ದಲಾಲಿ ಅಂಗಡಿ ಬಿಟ್ಟು ಏಳುವಂತಿರಲಿಲ್ಲ. ಬಸ್ಸಿಗೆ ಏಳು ತಾಸು, ವಿಮಾನಕ್ಕೆ ಒಂದೇ ತಾಸು ಎಂದು ಟಿಕೆಟ್ ತೆಗೆಸಿದ್ದೆ.

ಹೆಂಡತಿ ಗಿರಿಜಾ "ನಾನೂ ಬರ್ಲೇನ್ರಿ?" ಎಂದು ಕೇಳಿದಳು. ಬ್ಯಾಡ ಅಂದೆ. ಅಕ್ಕನ ಮಗಳನ್ನು ನಮ್ಮ ಮಗನಿಗೆ ತಂದುಕೊಳ್ಳಲು ಇವಳು ಒಪ್ಪಲಿಲ್ಲ. ಅಂದಿನಿಂದ ಅಕ್ಕನಿಗೂ ಇವಳಿಗೂ ಮಾತಿಲ್ಲ. ಇಂಥ ಹೊತ್ತಿನಲ್ಲಿ ಆ ಪುರಾಣ ಯಾಕೆ ಬೇಕು?

ಹಾವೇರಿ ದಾಟುವಾಗ ಡ್ರೈವರ್ ಬಸವರಾಜನನ್ನು ಕೇಳಿದೆ, "ಅಲ್ಲೋ, ಬೆಂಗಳೂರು ದೂರ ಆಗಾಕತ್ತೈತೋ, ಹತ್ರ ಆಗಾಕತ್ತೈತೋ?"

"ರಸ್ತಾದ ಲೆಕ್ಕಕ್ಕ ದೂರ ರೀ, ತಾಸಿನ ಲೆಕ್ಕಕ್ಕ ಹತ್ರ" ಎಂದ. ಖರೇ ಅನ್ನಿಸಿತು.

ಬೆಳಿಗ್ಗೆ ಎಂಟಕ್ಕೆ ಹುಬ್ಬಳ್ಳಿ ಮುಟ್ಟಿದರೆ ಅಲ್ಲಿ ಮೋಡ ನೆಲಕ್ಕೆ ಇಳಿದಿತ್ತು. ವಿಮಾನ ಎಲ್ಲಿದೆ ಎಂದು ಕೌಂಟರಿನ ಹುಡುಗಿಯನ್ನು ಕೇಳಿದರೆ, "ಬೆಂಗಳೂರಾಗ ಐತ್ರಿ. ಇಲ್ಲಿ ಮೋಡ ಸರಿದ ಮ್ಯಾಲ ಬರ್ತೈತಿ" ಎಂದಳು. ನನ್ನನ್ನು ಬೆಂಗಳೂರಿಗೆ ಒಯ್ಯಬೇಕಾದದ್ದು ಬೆಂಗಳೂರಿನಲ್ಲೇ ಕೂತಿದೆ! ಗಿರಿಜಾಗೆ ಫೋನ್ ಹಚ್ಚಿ ಕೂಗಾಡಿದೆ. ಅವಳು "ಯಾವ ದವಾಖಾನಿ ಅಂದ್ರಿ?" ಎಂದಷ್ಟೇ ಕೇಳಿದಳು. ಹೆಸರು ಹೇಳಿ ಇಟ್ಟೆ. ಕಾರು ಆಗಲೇ ಬ್ಯಾಡಗಿಗೆ ಹೊರಳಿ ಹೋಗಿತ್ತು; ಬಸ್ಸು ಹಿಡಿಯಲೇ ಎಂದು ಎರಡು ಸಲ ಬಾಗಿಲ ತನಕ ಹೋದೆ. ನಾನು ಬಸ್ಸು ಹತ್ತಿದ ಕೂಡಲೇ ಮೋಡ ಸರಿದರೆ? ತಿರುಗಿ ಬಂದು ಕೂತೆ.

ವಿಮಾನ ಎದ್ದದ್ದು ಮಧ್ಯಾಹ್ನದ ಮೇಲೆ. ಪಕ್ಕದಲ್ಲಿ ರಾಣೇಬೆನ್ನೂರಿನ ಜವಳಿ ವ್ಯಾಪಾರಿ. ಕೆಳಗೊಂದು ಕೆರೆ ಕಂಡಿತು.

"ಅದು ಹಲಗೇರಿ ಕೆರಿ ಇರಬೇಕ್ರಿ" ಎಂದರು.

"ಹಂಗಾರ ಬ್ಯಾಡಗಿ ಹಿಂದ ಹೋತೇನ್ರಿ?"

"ಮುಂದ ಬರ್ತೈತೇನೋ."

ಇಬ್ಬರೂ ಹುಟ್ಟಿ ಬೆಳೆದ ಸೀಮೆ, ಇಬ್ಬರಿಗೂ ಗುರುತು ಹತ್ತಲಿಲ್ಲ. ನಮ್ಮ ವಾದ ಮುಗಿಯುವುದರೊಳಗೆ ನಾನು ಬೆಳಗಿನಿಂದ ಬಿಟ್ಟು ಬಂದ ಊರುಗಳೆಲ್ಲ ಮುಗಿದಿದ್ದವು.

ಹೇಳಿದಂತೆ ಒಂದೇ ತಾಸಿಗೆ ಇಳಿಸಿದರು. ಆದರೆ ಇಳಿಸಿದ್ದು ದೇವನಹಳ್ಳಿಯಲ್ಲಿ. ಅಲ್ಲಿಂದ ಊರೊಳಗಿನ ದವಾಖಾನೆಗೆ ಟ್ಯಾಕ್ಸಿಯಲ್ಲಿ ಎರಡು ತಾಸು ಹಿಡಿಯಿತು. ಹೆಬ್ಬಾಳದ ವಾಹನಗಳ ನಡುವೆ ಸಿಕ್ಕಿಕೊಂಡು ನನಗೆ ಅಳುವೇ ಬಂತು. ನಾನು ಮುಟ್ಟುವುದರೊಳಗೆ ಅಕ್ಕನನ್ನು ಒಳಗೆ ಕರೆದೊಯ್ದಿದ್ದರು.

ಆಪರೇಷನ್ ಕೋಣೆಯ ಮುಂದಿನ ಬೆಂಚಿನ ಮೇಲೆ ಗಿರಿಜಾ ಕೂತಿದ್ದಳು.

"ನೀ ಹೆಂಗ ಬಂದಿ?"

"ನಿಮ್ಮ ಫೋನ್ ಬಂದ ಮ್ಯಾಲ ಮೋಟೆಬೆನ್ನೂರಾಗ ಬಸ್ ಹತ್ತಿದೆ. ನಮ್ಮ ಮನಿಯವ್ರು ಒಬ್ಬರರ ಮುಂದ ಇರಬೇಕಲ್ರಿ."

ಅವಳ ಸೆರಗಿನಲ್ಲಿ ಅಕ್ಕನ ತಾಳಿ, ಬಳೆ, ಮೂಗುತಿ ಗಂಟು ಕಟ್ಟಿದ್ದವು. ಒಳಗೆ ಹೋಗುವಾಗ ಅವನ್ನೆಲ್ಲ ಬಿಚ್ಚಿಸುತ್ತಾರಂತೆ. ಅಕ್ಕನ ಹೊಟ್ಟೆಯ ಮಗಳು ಪಕ್ಕದಲ್ಲೇ ನಿಂತಿದ್ದಳು.

"ಮಗಳ ಕೈಗೆ ಕೊಡಲಿಲ್ರಿ" ಎಂದಳು ಗಿರಿಜಾ. "ಹೊರಗ ಬಂದ ಮ್ಯಾಲ ನೀನ ನನ್ನ ಕೊರಳಿಗೆ ಹಾಕು ಅಂದಾರ ಅಕ್ಕಾರು. ನಾ ಇಲ್ಲಿಂದ ಏಳಾಂಗಿಲ್ಲ."

ಆಪರೇಷನ್ ಸುಸೂತ್ರವಾಯಿತು. ನಾಲ್ಕು ದಿನ ಇದ್ದು ಬಸ್ಸಿನಲ್ಲಿ ಊರಿಗೆ ಬಂದೆ, ಒಬ್ಬನೇ. ಗಿರಿಜಾಳನ್ನು ಅಕ್ಕ ಕಳಿಸಲಿಲ್ಲ.