ಇನ್ನೊಮ್ಮೆ ರಕ್ತ ಕೊಡಿಸುವ ಲಾಲಬಿ

ಬೆಳಗಿನ ಆರು ಗಂಟೆ. ಗೋವಾದ ವಾಸ್ಕೋ ಬಳಿ, ಸಡಾದ ಗುಡ್ಡದ ಓಣಿಯಲ್ಲಿ ಲಾಲಬಿ ಹುಲಿಗೆಪ್ಪನ ಬಾಗಿಲು ಬಡಿಯುತ್ತಾಳೆ. ಮತ್ತೆ ಬಡಿಯುತ್ತಾಳೆ. ಗಂಡ ಹೆಂಡತಿ ಆಗಲೇ ಊರಿನ ಬಸ್ಸು ಹತ್ತಿಬಿಟ್ಟರೇ?

ಹುಲಿಗೆಪ್ಪನ ಹೆಂಡತಿ ಬಾಳಮ್ಮ ಬಾಗಿಲು ತೆರೆಯುತ್ತಾಳೆ. "ಟಿಕೀಟ ಸಂಜಿಗಿ ಐತಿ ಅಕ್ಕಾ. ರಕ್ತದ ರಿಪೋರ್ಟಿನಾಗ ಏಳ್ನೂರಾ ನಲವತ್ತ ಬಂದಮ್ಯಾಲ ಇನ್ನೇನ್ ನೋಡೋದೈತಿ? ಸಾಯೋದಾದ್ರ ನಮ್ಮೂರಾಗ ಸಾಯ್ಲಿ."

"ರಕ್ತ ಕೊಟ್ಟ ಹೋಗ್ರಿ ಅಣ್ಣಾರ. ರಿಪೋರ್ಟ್ ಬರೂತನಾ ಬಸ್ ಹತ್ತಬ್ಯಾಡ್ರಿ," ಎಂದು ಲಾಲಬಿ ಹುಲಿಗೆಪ್ಪನ ಕೈ ಹಿಡಿದೇ ಹೊರಡಿಸುತ್ತಾಳೆ.

ನಲವತ್ತಾರರ ಲಾಲಬಿಗೆ ವಾಸ್ಕೋದ ಸಣ್ಣ ಲ್ಯಾಬೊಂದರಲ್ಲಿ ಕೆಲಸ. ನೆಲ ಒರೆಸುವುದು, ದಿನಕ್ಕೆ ಮೂವತ್ತು ನಲವತ್ತು ರಕ್ತದ ಟ್ಯೂಬುಗಳನ್ನು ಐಸ್ ಡಬ್ಬಿಯಲ್ಲಿಟ್ಟು ಮಡಗಾಂವಿನ ದೊಡ್ಡ ಲ್ಯಾಬಿಗೆ ಬಸ್ಸಿನಲ್ಲಿ ಒಯ್ಯುವುದು. ಉತ್ತರ ಕರ್ನಾಟಕದಿಂದ ದುಡಿಯಲು ಬಂದ ನಮ್ಮ ಕಡೆಯವರನ್ನು ಎರಡನೇ ಪರೀಕ್ಷೆಗೆ ಎಳೆದು ತರುವುದು ಮಾತ್ರ ಯಾರೂ ಹೇಳದ ಕೆಲಸ.

ಮೇದೋಜೀರಕದ ಬಳಿ ಗಡ್ಡೆಯಾದರೆ, ಕ್ಯಾನ್ಸರಿನ ಸುಳಿವಿಗೆಂದು, ಡಾಕ್ಟರು ಸಿಎ 19-9 ಎಂಬ ರಕ್ತಪರೀಕ್ಷೆ ಬರೆಯುತ್ತಾರೆ. ಮೂವತ್ತೇಳರೊಳಗಿದ್ದರೆ ಸಾಮಾನ್ಯ. ಆದರೆ ಪಿತ್ತನಾಳ ಕಟ್ಟಿ ಕಾಮಾಲೆಯಾದಾಗ, ಗಡ್ಡೆ ಸಣ್ಣದಿದ್ದರೂ ಅಂಕಿ ಏರಿಬಿಡುತ್ತದೆ. ನಳಿಗೆ ಹಾಕಿ ಪಿತ್ತ ಹರಿಯಬಿಟ್ಟು, ಕಣ್ಣಿನ ಹಳದಿ ಇಳಿದ ಮೇಲೆ ಮತ್ತೆ ನೋಡಬೇಕು, ಸ್ಕ್ಯಾನಿನ ಜೊತೆಗಿಟ್ಟು ಓದಬೇಕು. ನಮ್ಮ ಜನವೋ, ಮೊದಲ ಅಂಕಿಯನ್ನೇ ಸಾವಿನ ತಾರೀಖೆಂದು ತಿಳಿದು ಗಂಟುಮೂಟೆ ಕಟ್ಟುತ್ತಾರೆ. ಹುಲಿಗೆಪ್ಪನಿಗೆ ನಳಿಗೆ ಹಾಕಿ ಇಂದಿಗೆ ಇಪ್ಪತ್ತೆರಡು ದಿನ.

ಆರು ವರ್ಷದ ಹಿಂದೆ, 2003ರಲ್ಲಿ, ಲಾಲಬಿಯೂ ಹಾಗೇ ಗಂಟು ಕಟ್ಟಿದವಳು. ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ಗಂಡ ಮುರ್ತುಜಾಸಾಬನಿಗೆ ಒಂಬೈನೂರು ಬಂದಿತ್ತು. "ನಳಿಗಿ ಹಾಕಿ ಇನ್ನೊಮ್ಮೆ ನೋಡೂಣು ಅಂದಿದ್ರು ಡಾಕ್ಟರ್. ನಾನ ಕೇಳಲಿಲ್ರಿ. ಊರಿಗೆ ಒಯ್ದೆ. ಮೂರ ತಿಂಗಳದಾಗ ಮಣ್ಣ ಕೊಟ್ವಿ."

ಇಂದು ಬಸ್ಸಿನಲ್ಲಿ ಹುಲಿಗೆಪ್ಪನ ರಕ್ತವಿರುವ ಡಬ್ಬಿಯನ್ನು ತೊಡೆಯ ಮೇಲೆ ಬಿಗಿಹಿಡಿದೇ ಕೂತಿದ್ದಾಳೆ. ಅಂಕಿ ಇನ್ನೂ ಏರಿದ್ದರೆ ಬಾಳಮ್ಮನಿಗೆ ಯಾವ ಬಾಯಲ್ಲಿ ಹೇಳುವುದು? ಐದು ಗಂಟೆಗೆ ವಾಸ್ಕೋಗೆ ಫ್ಯಾಕ್ಸ್ ಬರುತ್ತದೆ. ಲಾಲಬಿಗೆ ಇಂಗ್ಲಿಷ್ ಓದಲು ಬಾರದು, ಅಂಕಿ ಬರುತ್ತದೆ. ಐವತ್ತೆಂಟು.

ಹಾಳೆ ಹಿಡಿದು ಆಸ್ಪತ್ರೆಗೆ ಓಡುತ್ತಾಳೆ. ಡಾಕ್ಟರು ಸ್ಕ್ಯಾನನ್ನೂ ತಿರುವಿ ನೋಡುತ್ತಾರೆ. ಗಡ್ಡೆ ಹರಡಿದ ಹಾಗಿಲ್ಲ, ಆಪರೇಷನ್ ಮಾಡಬಹುದು, ಭರವಸೆ ಮಾತ್ರ ಕೊಡಲಾರೆ ಎನ್ನುತ್ತಾರೆ. ಊರಿನ ಬಸ್ಸಿಗೆ ಇನ್ನೊಂದು ತಾಸು. ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದ ಲಾಲಬಿ ಅಷ್ಟನ್ನೂ ಕನ್ನಡದಲ್ಲಿ ಹೇಳುತ್ತಾಳೆ, ಭರವಸೆಯಿಲ್ಲ ಎಂಬುದನ್ನೂ ಬಿಡದೆ. ಹುಲಿಗೆಪ್ಪ, "ಆಪರೇಶನ್ ಯಾವಾಗಂತ?" ಎನ್ನುತ್ತಾನೆ.

ಬಾಳಮ್ಮ ಲಾಲಬಿಯ ಕೈ ಹಿಡಿದು ಅಳುತ್ತಾಳೆ. ಹೊರಗೆ ಬಂದ ಮೇಲೆ ಲಾಲಬಿಯೂ ಕಣ್ಣೊರೆಸಿಕೊಳ್ಳುತ್ತಾಳೆ.

"ಇವರಿಗೆ ಎರಡನೇದ್ದು ಎಷ್ಟಂತ ಗೊತ್ತಾತು," ಎನ್ನುತ್ತಾಳೆ. "ನಮ್ಮವರದು ಎಷ್ಟ ಬರ್ತಿತ್ತೋ, ನನಗ ಇವತ್ತಿಗೂ ಗೊತ್ತಿಲ್ರಿ."