ಬಸ್ಸು ನಿಲ್ಲಿಸದ ಸಂಕಪ್ಪಣ್ಣ

ಏಜೆಂಟ್ ಸಂಕಪ್ಪಣ್ಣ ಒಮ್ಮೆ ವಿಸಿಲ್ ಊದಿದರೆ ಮುಗಿಯಿತು, ಆಮೇಲೆ ಸಾಕ್ಷಾತ್ ದೇವರೇ ಓಡಿ ಬಂದರೂ ಬಸ್ಸು ನಿಲ್ಲುತ್ತಿರಲಿಲ್ಲ. ಪುತ್ತೂರು ಬಸ್ ಸ್ಟ್ಯಾಂಡಿನಲ್ಲಿ ಟಿಕೆಟು ಬರೆಯುವುದು, ಟಾಪಿಗೆ ಹೊರೆ ಹಾಕಿಸುವುದು, ಸೀಟಿಗಾಗಿ ಜಗಳ ಮಾಡುವವರನ್ನು ಬೇರೆ ಬೇರೆ ಕೂರಿಸುವುದು, ಕೊನೆಗೆ ವಿಸಿಲ್ ಊದಿ ಬಸ್ಸು ಬಿಡುವುದು, ಎಲ್ಲವೂ ಅವನದೇ. ಗಿಡ್ಡ ಆಳು. ಖಾಕಿ ಕೋಟು, ಕೆಳಗೆ ಪಂಚೆ. ವಾಚನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದ. ಆಗಾಗ ಅದನ್ನು ಕಿವಿಗೆ ಹಿಡಿದು, ನಿಂತಿಲ್ಲ ತಾನೇ ಎಂದು ಕೇಳಿ ನೋಡುತ್ತಿದ್ದ.

ನನ್ನ ಹೊಲಿಗೆ ಅಂಗಡಿ ಬಸ್ ಸ್ಟ್ಯಾಂಡಿಗೆ ಎದುರೇ ಇತ್ತು. ಹಾಗಾಗಿ ಅವನ ಆರ್ಭಟವನ್ನೆಲ್ಲ ನಾನು ಮಿಷನ್ ತುಳಿಯುತ್ತಾ ಪುಕ್ಕಟೆ ನೋಡುತ್ತಿದ್ದೆ. ಒಮ್ಮೆ ಒಂದು ಮದುವೆಯ ದಿಬ್ಬಣ ಸುಳ್ಯದ ಬಸ್ಸು ಹತ್ತಿ ಕುಳಿತಿತ್ತು. ಮದುಮಗ ವೀಳ್ಯದೆಲೆ ತರುತ್ತೇನೆಂದು ಇಳಿದವನು ತಡ ಮಾಡಿದ. ಸಂಕಪ್ಪಣ್ಣ ಬಸ್ಸು ಬಿಟ್ಟ. ದಿಬ್ಬಣ ಮುಂದೆ, ಮದುಮಗ ಯಾರದೋ ಸೈಕಲ್ಲಿನ ಕ್ಯಾರಿಯರಿನಲ್ಲಿ ಕುಳಿತು ಹಿಂದೆ.

"ಅಲ್ಲ ಮಾರಾಯಾ, ಮದುಮಗನನ್ನೇ ಬಿಡುದಾ?" ಎಂದೆ.

"ಮದುಮಗ ಆದ್ರೆ ಎಂತ? ಟಿಕೆಟು ತಗೊಂಡವರಲ್ಲಿ ಅವನೂ ಒಬ್ಬ. ಟೈಮಿಗೆ ಅಪ್ಪ ಅಮ್ಮ ಇಲ್ಲ" ಎಂದ.

ಈ ಮಾತನ್ನು ಅವನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ನಾವು ನಗುತ್ತಿದ್ದೆವು. ಅಕ್ಕನ ಸಂಗತಿ ನಡೆದ ಮೇಲೆ ನಮಗೆ ನಗು ಬರಲಿಲ್ಲ.

ಅವನ ಅಕ್ಕ ದೇವಕಿಯಕ್ಕ. ತಾಯಿ ತೀರಿಕೊಂಡ ಮೇಲೆ ಅವನನ್ನು ಸೊಂಟದಲ್ಲಿ ಹೊತ್ತು ಸಾಕಿದವಳು. ಪೆರಾಬೆಯ ಕಡೆ, ಕುಮಾರಧಾರೆಯ ಬದಿಗೆ ಮದುವೆಯಾಗಿ ಹೋಗಿದ್ದಳು. ತಮ್ಮನ ಮಗಳ ತೊಟ್ಟಿಲು ಹಾಕುವ ಶಾಸ್ತ್ರಕ್ಕೆಂದು ಪುತ್ತೂರಿಗೆ ಬಂದವಳು, ಹಿಂದೆ ಹೋಗುವ ದಿನ ಕೊಡೆ ಮರೆತೆನೆಂದು ಅರ್ಧ ದಾರಿಯಿಂದ ಮನೆಗೆ ಹಿಂತಿರುಗಿದಳು. ಕೊಡೆ ಹಿಡಿದು, ತನ್ನ ಸಣ್ಣ ಮಗುವನ್ನು ಎತ್ತಿಕೊಂಡು ಓಡುತ್ತಾ ಬಂದಾಗ ಸಂಕಪ್ಪಣ್ಣನ ಬಾಯಲ್ಲಿ ವಿಸಿಲ್ ಇತ್ತು. ಬಸ್ಸಿನೊಳಗಿನವರು ಕೂಗಿದರು. ನಾನೂ ಕೂಗಿದೆ. ಅವನು ಒಮ್ಮೆ ಅವಳನ್ನು ನೋಡಿದ, ಒಮ್ಮೆ ವಾಚು ನೋಡಿದ, ಊದಿದ.

ಆ ದಾರಿಗೆ ಅಂದು ಮತ್ತೆ ಬಸ್ಸಿರಲಿಲ್ಲ. ದೇವಕಿಯಕ್ಕ ನನ್ನ ಅಂಗಡಿಯ ಬೆಂಚಿನಲ್ಲಿ ಕುಳಿತು ಉಸಿರು ತೆಗೆದುಕೊಂಡಳು. ಅವನು ಹತ್ತಿರ ಬಂದಾಗ, "ಸಂಕಪ್ಪಾ, ನೀನು ನನ್ನನ್ನು ಕಂಡದ್ದು ಹೌದಲ್ಲ?" ಎಂದು ಮಾತ್ರ ಕೇಳಿದಳು. ಅವನು ಹೌದೆಂದ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ, ಅದೊಂದು ಕರ್ಮ. ಆ ದಿನ ಅವಳು ತಮ್ಮನ ಮನೆಗೆ ಹೋಗದೆ ನಮ್ಮ ಮನೆಯಲ್ಲಿ ಉಳಿದು ಮರುದಿನ ಹೋದಳು. ಮತ್ತೆ ವರ್ಷಗಟ್ಟಲೆ ಪುತ್ತೂರಿಗೆ ಕಾಲಿಡಲಿಲ್ಲ. ಇವನು ದೀಪಾವಳಿಗೆ ಕಳಿಸಿದ ಸೀರೆ ಮಡಿಕೆ ಬಿಚ್ಚದೆ ಹಿಂದೆ ಬಂತು.

ಅರವತ್ತರ ದಶಕದ ಆರಂಭದ ಒಂದು ಮಳೆಗಾಲದಲ್ಲಿ ಕುಮಾರಧಾರೆ ಉಕ್ಕಿ, ಪೆರಾಬೆ ಬದಿಯ ಹೊಳೆಕರೆಯ ಮನೆಗಳನ್ನು ತೊಳೆದುಕೊಂಡು ಹೋಯಿತು. ದೇವಕಿಯಕ್ಕನ ಮನೆಯೂ ಬಿತ್ತು. ಜನ ಉಳಿದರು, ಮಣ್ಣಿನ ಗೋಡೆ ಉಳಿಯಲಿಲ್ಲ. ಸುದ್ದಿ ಬಂದ ದಿನ ಸಂಕಪ್ಪಣ್ಣ ನನ್ನ ಅಂಗಡಿಗೆ ಬಂದು ಕುಳಿತ. ಅವನು ಕೆಲಸದ ಹೊತ್ತಿನಲ್ಲಿ ಕುಳಿತದ್ದನ್ನು ನಾನು ಕಂಡದ್ದೇ ಅಂದು.

"ಹೋಗಿ ಬಾ ಮಾರಾಯಾ, ಅಕ್ಕ ಅಲ್ವಾ?" ಎಂದೆ.

"ಖಾಲಿ ಕೈಯಲ್ಲಿ ಹೋಗುದು ಹೇಗೆ? ಅವಳೊಬ್ಬಳಿಗೆ ಕೊಂಡುಹೋದ್ರೆ ಅವಳು ಮುಟ್ಲಿಕ್ಕಿಲ್ಲ. ಹೊಳೆಕರೆಯವರಿಗೆ ಎಲ್ಲರಿಗೂ ಕೊಂಡುಹೋಗ್ಬೇಕು. ಆಗ ಬೇಡ ಅಂತ ಹೇಳ್ಲಿಕ್ಕೆ ಅವಳಿಗೆ ಆಗುದಿಲ್ಲ" ಎಂದ.

ಹೀಗೆ ಹುಟ್ಟಿದ್ದು ಆ ಓಟ. ಸುಳ್ಯದ ಆಚೆ ಅಜ್ಜಾವರದಿಂದ ಹೊರಟು, ಪುತ್ತೂರು, ಸವಣೂರು ದಾರಿಯಾಗಿ ಬಂದು, ಶಾಂತಿಮೊಗರಿನ ಕಡವಿನಲ್ಲಿ ದೋಣಿ ಹತ್ತಿ ಹೊಳೆ ದಾಟಿ ಪೆರಾಬೆಗೆ. ಬಸ್ಸಿಗೆ ಸ್ಟೇಜು ಇದ್ದ ಹಾಗೆ ಓಟಕ್ಕೂ ಸ್ಟೇಜು. ಸ್ಟೇಜಿಗೊಬ್ಬ ಓಟಗಾರ. ಒಬ್ಬ ಓಡಿ ಬಂದು ಬಾವುಟ ಕೊಟ್ಟ ಕೂಡಲೇ ಇನ್ನೊಬ್ಬ ಓಡಬೇಕು. ಬಾವುಟ ಕಂಡ ಮನೆಯವರು ಅಕ್ಕಿ, ಚಾಪೆ, ಪಾತ್ರೆ, ಬಟ್ಟೆ ರಸ್ತೆ ಬದಿಗೆ ತಂದಿಡಬೇಕು. ಹಿಂದಿನಿಂದ ಬರುವ ಲಾರಿಗೆ ಅದನ್ನು ಹಾಕಬೇಕು. ಬಾವುಟದ ಬದಲು ವಿಸಿಲನ್ನೇ ಕೈಯಿಂದ ಕೈಗೆ ಕೊಡುವುದೆಂದು ಅವನು ಮೊದಲು ಹೇಳಿದ್ದ. "ಒಬ್ಬನ ಎಂಜಲು ಇನ್ನೊಬ್ಬ ಊದುದಾ? ಓಡ್ಲಿಕ್ಕೆ ಒಂದು ನರಪಿಳ್ಳೆ ಬರ್ಲಿಕ್ಕಿಲ್ಲ" ಎಂದು ನಾನು ಬೈದೆ. ಕೆಂಪು ಬಟ್ಟೆಯ ಬಾವುಟ ಹೊಲಿದು ಕೊಟ್ಟೆ.

ಬಸ್ಸಿನವರ ಬಾಯಲ್ಲಿ ಊರೂರಿಗೆ ಸುದ್ದಿ ಹೋಯಿತು. ಮಧ್ಯಾಹ್ನಕ್ಕೆ ಕಡವಿನಲ್ಲಿರುತ್ತೇವೆಂದು ಹೊಳೆಯ ಆಚೆಗೂ ಹೇಳಿಸಿದ. ನೆರೆ ಇಳಿದಿದ್ದರೂ ಸೆಳೆತ ಜೋರಾಗಿತ್ತು. ಹೊತ್ತು ಕಂತಿದ ಮೇಲೆ ದೋಣಿ ಬಿಡುವುದಿಲ್ಲವೆಂದು ಕಡವಿನ ದೋಣಿಯವ ಇದಿನಬ್ಬ ಖಡಾಖಂಡಿತ ಹೇಳಿದ್ದ.

ಓಟದ ದಿನ ಮಳೆ ಬಿಟ್ಟಿತ್ತು. ಲಾರಿ ಓಡಿಸುವವನು ಡ್ರೈವರ್ ಲೂವಿಸ್. ಮುಂದಿನ ಸೀಟಿನಲ್ಲಿ ಸಂಕಪ್ಪಣ್ಣ, ನಡುವೆ ನಾನು. ಹುಡುಗರು ಓಡಿದ ಚಂದ ಹೇಳಿ ಸುಖವಿಲ್ಲ. ಜಾಲ್ಸೂರು, ಕಾವು, ಕುಂಬ್ರ, ಪ್ರತಿ ಸ್ಟೇಜೂ ಹೇಳಿದ ಹೊತ್ತಿಗೆ. ಅವನು ವಾಚು ನೋಡಿ ನೋಡಿ ನನ್ನ ತೊಡೆಗೆ ಹೊಡೆಯುತ್ತಿದ್ದ. ರಸ್ತೆ ಬದಿ ನೋಡಲು ನಮಗಿಬ್ಬರಿಗೂ ಪುರುಸೊತ್ತಿರಲಿಲ್ಲ. ಪುತ್ತೂರಿಗೆ ಬಂದು ಇಳಿದು, ಲಾರಿಯ ಹಿಂದಿನ ಬಾಗಿಲು ತೆಗೆಸಿದ. ಅಂಗಡಿಯವರು ಕೊಟ್ಟ ನಾಲ್ಕು ಗಂಟು ಬಿಟ್ಟರೆ ಒಳಗೆ ಏನೂ ಇರಲಿಲ್ಲ.

"ಎಂತ ಮಾರಾಯಾ ಇದು? ಲಾರಿಯಾ, ಖಾಲಿ ದನದ ಹಟ್ಟಿಯಾ? ಜನಕ್ಕೆ ಕರುಣೆ ಇಲ್ವಾ?" ಎಂದು ಕಿರುಚಿದ.

ಲೂವಿಸ್ ಬೀಡಿ ಹೊತ್ತಿಸುತ್ತಾ, "ಜನ ಜಗಲಿಯಲ್ಲಿ ನಿಂತುಕೊಂಡಿದ್ರು ಸಂಕಪ್ಪಣ್ಣ. ನಾನು ಕಂಡಿದ್ದೇನೆ. ಯಾರೂ ಇಳಿದು ಬರ್ಲಿಲ್ಲ" ಎಂದ. ಯಾಕೆಂದು ನಮಗೆ ಮೂವರಿಗೂ ಹೊಳೆಯಲಿಲ್ಲ. ಸಂಕಪ್ಪಣ್ಣ ಲಾರಿಯ ಬಾಗಿಲನ್ನು ತಾನೇ ಮುಚ್ಚಿದ. "ಇಷ್ಟನ್ನು ಹಿಡ್ಕೊಂಡು ಅವಳ ಎದುರು ನಿಲ್ಲುದಾ?" ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಸವಣೂರು ಹತ್ತಿರವಾಗುತ್ತಿದ್ದಂತೆ ಒಂದು ಮನೆಯೆದುರು ಮುದುಕರೊಬ್ಬರು ರಸ್ತೆಗೆ ಅಡ್ಡ ನಿಂತಿದ್ದರು. ಒಂದು ಕೈಯಲ್ಲಿ ನೀರಿನ ಚೆಂಬು, ಇನ್ನೊಂದರಲ್ಲಿ ಬೆಲ್ಲದ ತಟ್ಟೆ. ಬಾವುಟದ ಹುಡುಗ ಅವರನ್ನು ತಪ್ಪಿಸಿ ಓಡಲು ನೋಡಿದ. ಅವರು ತೋಳು ಹಿಡಿದೇ ಬಿಟ್ಟರು. ಸಂಕಪ್ಪಣ್ಣ ಲಾರಿಯಿಂದ ಹಾರಿದ.

"ಅವನನ್ನು ಬಿಡಿ ಅಜ್ಜ! ಓಡುವವ ನಿಲ್ಲುವ ಹಾಗಿಲ್ಲ!"

"ನೀವಾ ಯಜಮಾನ್ರು?" ಎಂದರು ಮುದುಕರು. "ಎಂತ ಮಾರಾಯ್ರೆ ನಿಮ್ಮ ಕ್ರಮ? ಕೇಳ್ಲಿಕ್ಕೆ ಬಂದವ ಜಗಲಿ ಹತ್ತುದಿಲ್ಲ, ಕೂತುಕೊಳ್ಳುದಿಲ್ಲ, ಒಂದು ತುಂಡು ಬೆಲ್ಲ ಬಾಯಿಗೆ ಹಾಕುದಿಲ್ಲ. ಒಳಗೆ ಒಂದು ಮುಡಿ ಅಕ್ಕಿ ತೆಗೆದಿಟ್ಟಿದ್ದೇನೆ. ಅದನ್ನು ಓಡುವವನ ಬೆನ್ನಿಗೆ ಬಿಸಾಡುದಾ? ನಮ್ಮ ಮನೆ ನೀರು ಬೇಡದವನಿಗೆ ನಮ್ಮ ಅಕ್ಕಿ ಯಾಕೆ?"

ಆಸರಿಗೆ, ಎಂದರೆ ಬಾಯಾರಿಕೆಗೆ, ಕೊಡದೆ ನಮ್ಮಲ್ಲಿ ಯಾರನ್ನೂ ಮಾತಾಡಿಸುವ ಕ್ರಮವೇ ಇಲ್ಲ. ಬಂದವನಿಗೆ ಮೊದಲು ಬೆಲ್ಲ ನೀರು, ಆಮೇಲೆ ಸುದ್ದಿ, ಆಮೇಲೆ ಕೊಡುವುದು ಕೊಳ್ಳುವುದು. ಇದೇ ನೀರು ಕುಡಿದು ಬೆಳೆದ ನಮಗೆ ಅದು ಮರೆತುಹೋಗಿತ್ತೆಂದರೆ ಏನು ಹೇಳುವುದು! ಅಜ್ಜಾವರದಿಂದ ಇಲ್ಲಿಯವರೆಗೆ ಅಷ್ಟು ಮನೆಯವರಿಗೂ ನಾವು ಅವಮಾನ ಮಾಡಿಕೊಂಡೇ ಬಂದಿದ್ದೆವು, ಅದೂ ಸರಿಯಾದ ಟೈಮಿಗೆ.

ಸಂಕಪ್ಪಣ್ಣ ಕಾಲು ತೊಳೆದು ಜಗಲಿ ಹತ್ತಿ ಕುಳಿತ. ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದ. "ಅಜ್ಜ, ನನ್ನ ಅಕ್ಕನ ಮನೆ ಹೊಳೆಗೆ ಹೋಗಿದೆ" ಎಂದ. ಊರವರ ವಿಷಯ ಹೇಳಬೇಕಾದವನು ಅಕ್ಕನ ವಿಷಯದಿಂದ ಸುರು ಮಾಡಿದ. ಮುದುಕರು ಎಲ್ಲವನ್ನೂ ಕೇಳಿ ಒಳಗೆ ಕೂಗಿ ಹೇಳಿದರು. ಒಂದಲ್ಲ, ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಎರಡು ಮುಡಿ ಅಕ್ಕಿ ಬಂತು, ಅದರ ಮೇಲೊಂದು ತಾಮ್ರದ ಹಂಡೆ.

ಅಲ್ಲಿಂದ ಮುಂದೆ ಓಟ ಎನ್ನುವುದು ಬರೇ ಹೆಸರಿಗೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಹುಡುಗ ಓಡುತ್ತಿದ್ದ, ನಾವೆಲ್ಲ ಹೋಗಿ ಕೂರುತ್ತಿದ್ದೆವು. ಬೆಲ್ಲ, ನೀರು, ಅಕ್ಕನ ಕಥೆ. ಕೆಲವರು ಮಜ್ಜಿಗೆ ಕೊಟ್ಟರು, ಒಬ್ಬರು ಊಟಕ್ಕೇ ಕೂರಿಸಿದರು. ಮೊದಮೊದಲು ಅವನು ಕುಳಿತಲ್ಲೇ ಒದ್ದಾಡುತ್ತಾ ವಾಚು ತಿರುಗಿಸಿ ನೋಡುತ್ತಿದ್ದ. ಆಮೇಲೆ ಅದನ್ನು ಬಿಚ್ಚಿ ಕೋಟಿನ ಕಿಸೆಗೆ ಹಾಕಿದ. "ಹೊಟ್ಟೆಯೊಳಗೆ ಕುಮಾರಧಾರೆಯೇ ಉಂಟು ಮಾರಾಯಾ" ಎಂದು ಲೂವಿಸ್ ಹೊಟ್ಟೆ ತಡವಿಕೊಂಡ. ಲಾರಿ ತುಂಬಿತು. ಹೊತ್ತು ಮಾತ್ರ ನಮ್ಮ ಕೈಯಲ್ಲಿರಲಿಲ್ಲ.

ಶಾಂತಿಮೊಗರಿಗೆ ಬರುವಾಗ ಸೂರ್ಯ ಮರದ ತುದಿಗಿಂತ ಕೆಳಗೆ ಇಳಿದಿದ್ದ. ಇಷ್ಟು ಹೊತ್ತಿಗೆ ಇದಿನಬ್ಬ ದೋಣಿಯನ್ನು ಆಚೆ ದಡದಲ್ಲಿ ಕಟ್ಟಿ ಮನೆಗೆ ಹೋಗಿರುತ್ತಾನೆ ಎಂದು ನಮಗೆಲ್ಲ ಗೊತ್ತಿತ್ತು. ಸಂಕಪ್ಪಣ್ಣ ಲಾರಿಯಿಂದ ಇಳಿಯಲೇ ಇಲ್ಲ. "ನೀನು ನೋಡು. ನನಗೆ ನೋಡ್ಲಿಕ್ಕೆ ಆಗುದಿಲ್ಲ" ಎಂದು ನನ್ನನ್ನು ಕಳಿಸಿದ.

ನಾನು ಇಳಿದು ನೋಡುತ್ತೇನೆ, ದೋಣಿ ನಮ್ಮ ದಡದಲ್ಲೇ ಇದೆ! ಇದಿನಬ್ಬ ಮರಳಿನ ಮೇಲೆ ಮುಖ ಊದಿಸಿಕೊಂಡು ಕುಳಿತಿದ್ದಾನೆ. ದೋಣಿಯೊಳಗೆ ದೇವಕಿಯಕ್ಕ. ದೋಣಿ ನೂಕುವ ಬಿದಿರಿನ ಜಲ್ಲೆಯನ್ನು ಮಡಿಲಿಗೆ ಅಡ್ಡ ಇಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾಳೆ.

"ನೀವಾದ್ರೂ ಹೇಳಿ ಮಾರಾಯ್ರೆ" ಎಂದ ಇದಿನಬ್ಬ. "ಮಧ್ಯಾಹ್ನ ಈಚೆ ಬಂದು ಕೂತವರು ಜಲ್ಲೆ ಕೊಡುದೇ ಇಲ್ಲ. ನಾನು ಮನೆಗೆ ಹೋಗುದು ಬೇಡ್ವಾ?"

ನಾನು ಕೂಗಿದೆ. ಸಂಕಪ್ಪಣ್ಣ ಬಂದು ನೀರಿನ ಅಂಚಿನಲ್ಲಿ ನಿಂತ.

"ತಡ ಆಯ್ತು ಅಕ್ಕ" ಎಂದ.

"ಕಾಣ್ತದೆ" ಎಂದಳು ಅವಳು. "ಬಸ್ಸು ನಿಲ್ಲುದಿಲ್ಲ ಸಂಕಪ್ಪಾ. ದೋಣಿ ನಿಲ್ತದೆ."

ಅವನು ಮೊಣಕಾಲಿನವರೆಗೆ ನೀರಿಗಿಳಿದು, ದೋಣಿಯ ಅಂಚು ಹಿಡಿದು, ಚಿಕ್ಕ ಮಕ್ಕಳ ಹಾಗೆ ಅತ್ತ. ಅವಳು ಜಲ್ಲೆಯನ್ನು ಇದಿನಬ್ಬನ ಕಡೆ ನೀಡಿದಳು. ಸೆರಗಿನ ಗಂಟಿನಿಂದ ಬೆಲ್ಲದ ತುಂಡು ತೆಗೆದು, "ತಗೋ, ಆಸರಿಗೆ" ಎಂದು ತಮ್ಮನ ಕೈಗಿಟ್ಟಳು. ಅಷ್ಟು ಮನೆಯ ಬೆಲ್ಲ ತಿಂದವನು ಅದನ್ನೂ ತಿಂದ. ಹೊಳೆಯ ನೀರನ್ನೇ ಬೊಗಸೆಯಲ್ಲಿ ಎತ್ತಿ ಕುಡಿದ. ಮೊದಲ ಅಕ್ಕಿಮುಡಿಯನ್ನು ತನ್ನ ತಲೆಯ ಮೇಲೆಯೇ ಹೊತ್ತು ದೋಣಿಗೆ ಹಾಕಿದ.

ಮತ್ತೆ ಕೆಲಸಕ್ಕೆ ಬಂದ ಸಂಕಪ್ಪಣ್ಣ ಬೇರೆಯೇ ಜನ. ವಿಸಿಲನ್ನು ಬಾಯಿಗಿಡುವ ಮೊದಲು ರಸ್ತೆಯ ತಿರುವಿನವರೆಗೆ ಹೋಗಿ ಆಚೀಚೆ ನೋಡುತ್ತಿದ್ದ. ದೂರದಲ್ಲಿ ಯಾರಾದರೂ ಕೊಡೆ ಬೀಸಿದರೆ ಕೈಯೆತ್ತಿ ಬಸ್ಸಿನ ಎದುರು ನಿಲ್ಲುತ್ತಿದ್ದ. "ಒಂದು ಜನ ಉಂಟು, ನಿಲ್ಲಿ!" ಒಳಗಿದ್ದವರು ಗೊಣಗುತ್ತಿದ್ದರು, ಡ್ರೈವರುಗಳು ಹಾರ್ನ್ ಒತ್ತಿ ಒತ್ತಿ ಸುಸ್ತಾಗುತ್ತಿದ್ದರು. ದೂರು ಬಸ್ಸಿನ ಧನಿಗಳವರೆಗೂ ಹೋಯಿತು. ಅವರು ಕರೆಸಿ, "ಟೈಮಿಗೆ ಅಪ್ಪ ಅಮ್ಮ ಇಲ್ಲ ಅಂತ ಹೇಳ್ತಿದ್ದವ ನೀನೇ ಅಲ್ವಾ?" ಎಂದು ಕೇಳಿದರಂತೆ.

"ಹೌದು ಧನಿಗಳೇ. ಅಪ್ಪ ಅಮ್ಮ ಇಲ್ಲ. ಅಕ್ಕ ಉಂಟು" ಎಂದನಂತೆ ಇವನು. ಧನಿಗಳಿಗೆ ಏನು ಅರ್ಥವಾಯಿತೋ, ಕೆಲಸದಿಂದಂತೂ ತೆಗೆಯಲಿಲ್ಲ.

ಆ ದಶಕ ಮುಗಿಯುವ ಮೊದಲೇ, ಒಂದು ಮಳೆಗಾಲದಲ್ಲಿ, ಜ್ವರ ಎಂದು ಮಲಗಿದ ಸಂಕಪ್ಪಣ್ಣ ಏಳಲಿಲ್ಲ. ಪೆರಾಬೆಗೆ ಹೇಳಿ ಕಳಿಸಿದೆವು. ಹೊಳೆ ತುಂಬಿತ್ತು, ದೋಣಿ ಇತ್ತೋ ಇಲ್ಲವೋ ತಿಳಿಯದು. ಮಧ್ಯಾಹ್ನ ಕಳೆಯಿತು. ಚಟ್ಟ ಕಟ್ಟಿ ಆಗಿತ್ತು. ಹಿರಿಯರು ಆಕಾಶ ನೋಡಿ, ಹೊತ್ತು ಕಂತುವ ಮೊದಲು ಕೆಲಸ ಮುಗಿಯಬೇಕು, ಇನ್ನು ಎತ್ತಿ ಎಂದರು. ಹೆಗಲು ಕೊಡುವವರು ಬಗ್ಗಿದರು.

ಲೂವಿಸ್ ಎದುರು ಬಂದು ಕೈಯೆತ್ತಿ ನಿಂತ.

"ಒಂದು ಜನ ಉಂಟು, ನಿಲ್ಲಿ" ಎಂದ.

ಬಗ್ಗಿದವರು ನೆಟ್ಟಗಾದರು. ಹಿರಿಯರು ಹೋಗಿ ಜಗಲಿಯಲ್ಲಿ ಕುಳಿತರು. ಎಷ್ಟು ಹೊತ್ತು ಕಾದೆವೋ ನಾನು ನೋಡಲಿಲ್ಲ, ಅಂದು ಯಾರೂ ವಾಚು ನೋಡಲಿಲ್ಲ. ಕೊನೆಗೆ ಅಂಗಳದ ಬೇಲಿಯ ತಡಮೆ ದಾಟಿ, ಮಡಚಿದ ಕೊಡೆಯನ್ನು ಊರಿಕೊಂಡು ದೇವಕಿಯಕ್ಕ ಬಂದಳು. ಸೀರೆ ಸೊಂಟದವರೆಗೆ ಒದ್ದೆಯಾಗಿತ್ತು. ನಿಂತಿದ್ದ ನಮ್ಮನ್ನೆಲ್ಲ ಒಮ್ಮೆ ನೋಡಿದಳು. ತಮ್ಮನ ತಲೆಯ ಹತ್ತಿರ ಕುಳಿತು ಹಣೆಯ ಮೇಲೆ ಕೈಯಿಟ್ಟಳು.

"ಬಂದೆ ಸಂಕಪ್ಪಾ" ಎಂದಳು. "ಇನ್ನು ಹೊರಡು."

ನಾವು ಹೆಗಲು ಕೊಟ್ಟೆವು.