ಊರಿನಲ್ಲಿ ಪರಿಚಯದವರು

ಶಂಶಾದ್, ಸತ್ಯನಾರಾಯಣಪೇಟೆಯ ಆ ಮನೆ ನಿನ್ನ ಕೈತಪ್ಪಿದ್ದು ನನ್ನಿಂದ. ಏಜೆನ್ಸಿಯವನಿಂದಲ್ಲ, ನೀನು ಅಂದುಕೊಂಡ ಹಾಗೆ ನಿನ್ನ ಹೆಸರಿನಿಂದಲೂ ಅಲ್ಲ — ನನ್ನಿಂದ. ಆರು ವರ್ಷ ಇದನ್ನು ಬಾಯೊಳಗೇ ಇಟ್ಟುಕೊಂಡಿದ್ದೆ. ಈಗ ಬರೆಯಲು ಕೂತರೆ ಏನೋ ಒಂದು ಹುರುಪು — ಹೇಳಿಬಿಡುತ್ತಿದ್ದೇನಲ್ಲ, ಕೊನೆಗೂ.

ನಾನು ಕುರುಗೋಡಿನಿಂದ, ನೀನು ಸಿರುಗುಪ್ಪದಿಂದ. ದಿನಾ ಬಸ್ಸು ಹತ್ತಿ ಬಳ್ಳಾರಿಗೆ ಬಂದು ಒಂದೇ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದೆವು. ಚಿಕ್ಕ ಮಕ್ಕಳ ಕೈಯಲ್ಲಿ ನರ ಹುಡುಕುವುದನ್ನು ನನಗೆ ಕಲಿಸಿದವಳು ನೀನು. ನಾನು ಮೂರು ಸಲ ಚುಚ್ಚಿ ಅಳಿಸಿದ ಮಗುವನ್ನು ನೀನು ಒಂದೇ ಸಲಕ್ಕೆ ರಕ್ತ ತೆಗೆದು ನಗಿಸುತ್ತಿದ್ದೆ. ಅಂಥ ಕೆಲಸಗಾರ್ತಿಗೂ ಲ್ಯಾಬಿನ ಡಾಕ್ಟರು ಹೇಳಿದ್ದು ಒಂದೇ ಮಾತು — ಬರಿಹೊಟ್ಟೆಯಲ್ಲಿ ರಕ್ತ ಕೊಡುವವರು ಬೆಳಿಗ್ಗೆ ಆರಕ್ಕೇ ಬರುತ್ತಾರೆ, ಎರಡು ತಿಂಗಳೊಳಗೆ ಊರಲ್ಲೇ ಮನೆ ಮಾಡಿಕೊಳ್ಳಿ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ. ಸಿರುಗುಪ್ಪದ ಬಸ್ಸು ಬಳ್ಳಾರಿ ಮುಟ್ಟುವಾಗ ಏಳು ದಾಟಿರುತ್ತಿತ್ತು. ನನಗಾದರೆ ಗಂಡನ ಬೈಕು ಇತ್ತು. ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಮೊದಲ ಪಾಳಿಗೆ ಹೋಗುವ ಮುಂಚೆ ನನ್ನನ್ನು ಬಿಟ್ಟು ಹೋಗುತ್ತೇನೆ ಅಂದಿದ್ದರು. ಮನೆ ಸಿಗದಿದ್ದರೆ ನಿನ್ನ ಕೆಲಸ ಹೋಗುತ್ತಿತ್ತು, ನನ್ನದು ಹೋಗುತ್ತಿರಲಿಲ್ಲ. ಇದು ನನಗೆ ಆಗಲೂ ಗೊತ್ತಿತ್ತು — ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಆ ಬಾಡಿಗೆಮನೆ ಏಜೆನ್ಸಿ ನಿನಗೆ ನೆನಪಿದ್ದೇ ಇರುತ್ತದೆ. ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ, ಮೂರು ಕುರ್ಚಿ, ಒಂದು ಫ್ಯಾನು, ಫ್ಯಾನಿನ ಕೆಳಗೆ ನಾಗರಾಜ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಏಜೆನ್ಸಿಯ ಮೆಟ್ಟಿಲು ಹತ್ತಿದವರಲ್ಲ ಬಿಡು. ಇವತ್ತು ಆಧಾರ್ ಜೆರಾಕ್ಸ್ ಅಂದ, ಮರುದಿನ ಅದು ಮಸುಕಾಗಿದೆ ಅಂದ, ಅದರ ಮರುದಿನ ಗಂಡಸರನ್ನು ಕರೆದುಕೊಂಡು ಬನ್ನಿ ಅಂದ. ನಿನ್ನ ಗಂಡ ಲಾರಿ ಓಡಿಸುತ್ತ ಯಾವ ರಾಜ್ಯದಲ್ಲಿದ್ದನೋ! ಒಂದು ಮನೆ ತೋರಿಸಿದ, ಮೆಟ್ಟಿಲ ಕೆಳಗೆ ಬಚ್ಚಲು, ಕೂತೇ ಒಳಗೆ ಹೋಗಬೇಕು. ಇನ್ನೊಂದರ ಕೀಲಿ ಇದ್ದವರು ಗುಂತಕಲ್ಲಿಗೆ ಹೋಗಿದ್ದರು, ನಾವು ಬಿಸಿಲಲ್ಲಿ ಬೀಗ ನೋಡಿ ಬಂದೆವು. ಮಾಲೀಕರನ್ನು ಕಾಣಬೇಕೆಂದರೆ, ಅದೆಲ್ಲ ನಮ್ಮ ಮುಖಾಂತರ ಅನ್ನುತ್ತಿದ್ದ. ದೇವರನ್ನಾದರೂ ಪೂಜಾರಿ ಆಗಾಗ ತೋರಿಸುತ್ತಾನೆ, ಇವನು ಮಾಲೀಕರ ಹೆಸರನ್ನೂ ಹೇಳಲಿಲ್ಲ.

ಅಷ್ಟಾದ ಮೇಲೆ ಆ ಮನೆ ತೋರಿಸಿದ. ಶಂಶಾದ್, ಆ ಮಧ್ಯಾಹ್ನದ ಸಂಭ್ರಮವನ್ನು ಈಗ ನೆನೆದರೂ ನನಗೆ ಕುಣಿಯುವಂತಾಗುತ್ತದೆ. ಎರಡು ಕೋಣೆ, ಅಡುಗೆಮನೆಯೊಳಗೇ ನಲ್ಲಿ, ಮೇಲೆ ಬಟ್ಟೆ ಒಣಗಿಸಲು ಸ್ವಂತ ಮಾಳಿಗೆ. ನಾನು ನಲ್ಲಿ ತಿರುಗಿಸಿದೆ, ನೀರು ಬಂತು — ಬಂತು ಕಣೇ ಅಂತ ಕೂಗಿದ್ದು ನಾನೇ. ನೀನು ಕಿಟಕಿಗೆ ಎಷ್ಟು ಬಟ್ಟೆ ಬೇಕೆಂದು ಗೇಣು ಹಾಕಿ ಅಳೆಯುತ್ತಿದ್ದೆ. ತಾಯಿಗೆ ಈ ಕೋಣೆ, ಇಲ್ಲಿ ಗಾಳಿ ಬರುತ್ತದೆ ಅಂದೆ ನೀನು. ನಾನು ಮನಸ್ಸಿನಲ್ಲೇ ಅದೇ ಕೋಣೆಯಲ್ಲಿ ನನ್ನ ಮಂಚ ಹಾಕಿ ಆಗಿತ್ತು.

“ಇಬ್ಬರೂ ಫಾರ್ಮ್ ಕೊಡೋಣಕ್ಕ,” ಅಂದೆ ನೀನು. “ಯಾರಿಗೆ ಸಿಕ್ರೂ ನಮ್ದ.”

ಫಾರ್ಮಿನಲ್ಲಿ ಕೊನೆಗೆ ಒಂದು ಸಾಲಿತ್ತು — ಊರಿನಲ್ಲಿ ಪರಿಚಯದವರ ಹೆಸರು, ಫೋನ್ ನಂಬರು. ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುವವರಿಗೆ ಈ ಊರಲ್ಲಿ ಯಾರಿದ್ದಾರೆ? ಡಾಕ್ಟರ ಹೆಸರು ಬರೆಯಲು ಇಬ್ಬರಿಗೂ ಅಂಜಿಕೆ. ನಾನು ನಿನ್ನ ಹೆಸರು ಬರೆದೆ, ನೀನು ನನ್ನದು ಬರೆದೆ. ಒಂದೇ ಮನೆಗೆ ಹಟ ಹಿಡಿದ ಇಬ್ಬರು, ಒಬ್ಬರಿಗೊಬ್ಬರು ಸಾಕ್ಷಿ! ಮೆಟ್ಟಿಲಿಳಿಯುತ್ತ ಎಷ್ಟು ನಕ್ಕೆವು ಅಂದರೆ ಸೈಕಲ್ ಅಂಗಡಿಯವನು ಕೆಲಸ ಬಿಟ್ಟು ನೋಡಿದ.

ನಾಲ್ಕನೇ ದಿನ ಬೆಳಿಗ್ಗೆ ನಾಗರಾಜ ನಿನಗೆ ಫೋನ್ ಮಾಡಿದ್ದ. ನೀನು ಓಡಿ ಬಂದು, ಕೈಗವಸನ್ನೂ ತೆಗೆಯದೆ ನನ್ನ ತೋಳು ಹಿಡಿದೆ. “ಅಕ್ಕ, ನಿಮ್ಮ ಬಗ್ಗೆ ಕೇಳಿದ್ರು. ನಮ್ಮ ಸ್ವಂತ ಅಕ್ಕ ಇದ್ದಂಗ, ಕಣ್ಮುಚ್ಚಿ ಮನಿ ಕೊಡ್ರಿ ಅಂದೀನಿ.” ಮಾಲೀಕರು ಉಳಿಸಿಕೊಂಡಿರುವುದು ಎರಡೇ ಫಾರ್ಮು, ನಮ್ಮವೇ, ಎಂಬ ಸುದ್ದಿಯನ್ನೂ ನೀನೇ ಕೊಟ್ಟೆ. ಒಂದು ಗಂಟೆಯೂ ಕಳೆದಿರಲಿಲ್ಲ, ನನ್ನ ಫೋನು ಹೊಡೆದುಕೊಂಡಿತು. ಶಂಶಾದ್ ಬೇಗಂ ಎಂಬವರು ನಿಮ್ಮ ಹೆಸರು ಬರೆದಿದ್ದಾರೆ, ನಿಮಗೆ ಗೊತ್ತೇನು, ಎಂಥ ಜನ ಎಂದು ನಾಗರಾಜ ಕೇಳಿದ. ನೀನು ಎದುರಿಗೇ ಇದ್ದೆ — ಒಂದು ಮಗುವಿನ ಕೈ ಹಿಡಿದು ಏನೋ ಕಥೆ ಹೇಳುತ್ತಿದ್ದೆ. ನಾನು ಹೊರಗೆ ಮೆಟ್ಟಿಲ ಬಳಿ ಹೋದೆ. ಆ ನಲ್ಲಿ, ಆ ಮಾಳಿಗೆ, ಆ ಗಾಳಿ — ಎಲ್ಲ ನನ್ನ ಬಾಯಿಯ ಒಂದು ಮಾತಿನ ಆಚೆ ನಿಂತಿದ್ದವು. ನಿಜ ಹೇಳಲೇ? ನನಗೆ ಆಗ ಭಯವಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಖುಷಿಯಾಯಿತು. ಮೈಯೆಲ್ಲ ಜುಮ್ಮೆಂದಿತು.

“ಅಷ್ಟೇನ್ ಗೊತ್ತಿಲ್ರಿ,” ಅಂದೆ. “ಕೆಲಸದಾಗ ನೋಡೀನಿ, ಅಷ್ಟ.”

ಯಾರ ಫೋನು ಎಂದು ನೀನು ಕೇಳಿದೆ. ಬ್ಯಾಂಕಿನವರು ಅಂದೆ.

ಸಂಜೆಯೊಳಗೆ ಮನೆ ನನ್ನದಾಯಿತು. ನಾವು ಹಾಲುಕ್ಕಿಸಿದ ದಿನ ನೀನು ತಾಯಿಯನ್ನೂ ಕರೆದುಕೊಂಡು ಸಿರುಗುಪ್ಪದಿಂದ ಬಂದೆ. ಚೀಲದಿಂದ ಹಳದಿ ಪರದೆ ತೆಗೆದು ಕಿಟಕಿಗೆ ನೀನೇ ಹಾಕಿದೆ — ಅಳತೆ ಒಂದು ಬೆರಳೂ ಹೆಚ್ಚುಕಡಿಮೆ ಇರಲಿಲ್ಲ. ನಮ್ಮ ಹೆಸರು ಕೇಳಿದರೆ ಮನೆ ಕೊಡುವವರು ಕಡಿಮೆ, ಹೋಗಲಿ ಬಿಡಕ್ಕ ಅಂದೆ. ನಾನು ಹೌದು ಅಂದೆ. ಹೌದು ಅಂದದ್ದಷ್ಟೇ ಅಲ್ಲ, ಜನ ಹೀಗೇಕಿದ್ದಾರೋ ಅಂತ ನಿನ್ನ ಜೊತೆ ನಿಟ್ಟುಸಿರನ್ನೂ ಬಿಟ್ಟೆ. ಆಮೇಲೆ ನೀನು ಒಂದೂವರೆ ತಿಂಗಳು ಏಜೆನ್ಸಿ ಏಜೆನ್ಸಿ ಅಲೆದೆ, ಡಾಕ್ಟರು ಬೇರೆ ಹುಡುಗಿಯನ್ನು ತೆಗೆದುಕೊಂಡರು. ಈಗ ಸಿರುಗುಪ್ಪದ ಒಂದು ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೊಡುತ್ತೀಯೆಂದು ಕೇಳಿದ್ದೇನೆ. ನಿನ್ನಂಥ ಕೈ, ಮಾತ್ರೆ ಕತ್ತರಿಸಿ ಕೊಡುತ್ತ—

ಇಷ್ಟು ವರ್ಷ ನನ್ನನ್ನು ನಿದ್ದೆ ಮಾಡಿಸಿದ್ದು ಹೆಸರಿನ ಬಗ್ಗೆ ನೀನೇ ಆಡಿದ ಆ ಮಾತು. ನಾನು ಏನು ಹೇಳಿದ್ದರೂ ಅವಳಿಗೆ ಕೊಡುತ್ತಿರಲಿಲ್ಲ, ನಾನು ಕೆಡಿಸಿದ್ದು ಏನೂ ಇಲ್ಲ ಎಂದು ಜಪ ಮಾಡುತ್ತಿದ್ದೆ. ನನ್ನ ತಪ್ಪನ್ನು ಊರ ಮೇಲೆ ಹಾಕಿ ಹಾಯಾಗಿದ್ದೆ.

ಕಳೆದ ಗುರುವಾರ ಮಾಲೀಕರು ಬಂದರು. ಏಜೆನ್ಸಿ ಮುಚ್ಚಿಹೋಗಿದ್ದರಿಂದ ಸುಣ್ಣಬಣ್ಣ ಮಾಡಿಸಲು ಅವರೇ ಬರಬೇಕಾಗಿತ್ತು. ಸರೋಜಮ್ಮ ಅಂತ, ಮಂಡಿನೋವಿನ ಹೆಂಗಸು, ಮಾತಿಗೊಮ್ಮೆ ತೆಲುಗು. ಚಹಾ ಕೊಟ್ಟೆ. ಆಗ ಎರಡು ಫಾರ್ಮು ಇದ್ದವಲ್ಲ ಎಂದು ಮಾತು ತೆಗೆದವಳು ನಾನೇ — ನನ್ನ ಜಪವನ್ನು ಅವರ ಬಾಯಿಂದಲೂ ಕೇಳಬೇಕೆಂಬ ಆಸೆ. ಮುಸಲ್ಮಾನರಿಗೆ ನೀವು ಹೇಗೂ ಕೊಡುತ್ತಿರಲಿಲ್ಲ ಬಿಡಿ ಅಂದೆ.

“ಎವರಮ್ಮಾ, ಯಾರು ಅಂದಿದ್ದು?” ಅಂದರು. “ಕೌಲ್ ಬಜಾರದಾಗ ನಮ್ಮ ಎರಡು ಮನಿಯಾಗ ಅವ್ರ ಅದಾರ, ಇಪ್ಪತ್ತು ವರ್ಷದಿಂದ. ಆ ಸಿರುಗುಪ್ಪದ ಹುಡುಗಿಗೇ ಕೊಡಬೇಕಂತ ಮಾಡಿದ್ದೆ ನಾನು. ತಾಯಿನ್ನ ಕರ್ಕೊಂಡು ಬರ್ತಾಳ, ಮನಿ ತುಂಬಿರ್ತೈತಿ ಅಂತ. ಆಕಿ ಬರೆದ ಹೆಸರಿನವ್ರೇ ಆಕಿನ್ನ ಗೊತ್ತಿಲ್ಲ ಅಂದ್ರಂತ. ಹಂಗಿದ್ರ ಹೆಂಗ ಕೊಡ್ಲಿ?”

ಕೈಯ ತಟ್ಟೆ ಕೆಳಗಿಟ್ಟೆ. ಗಂಡ ಅಲ್ಲೇ ಇದ್ದರು, ಅವರಿಗೂ ಇದು ಗೊತ್ತಿರಲಿಲ್ಲ. ಆದರೂ ಹೇಳಿಬಿಟ್ಟೆ — ಆ ಹೆಸರು ನನ್ನದೇ, ಅಮ್ಮಾ, ಆಕೆ ನನಗೆ ಚೆನ್ನಾಗಿ ಗೊತ್ತಿದ್ದಳು.

“ಮತ್ತ ಯಾಕ ಹಂಗಂದಿ?” ಎಂದು ಸರೋಜಮ್ಮ ಕೇಳಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂದಿನಿಂದ ಉತ್ತರ ಹುಡುಕುತ್ತಿದ್ದೇನೆ, ಸಿಕ್ಕದ್ದೆಲ್ಲ ಸುಳ್ಳು. ಭಾನುವಾರ ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಬರುತ್ತಿದ್ದೇನೆ, ಈ ಕಾಗದವನ್ನು ನಿನ್ನ ತಾಯಿಯ ಎದುರೇ ಓದುತ್ತೇನೆ. ನೀನೂ ಅದನ್ನೇ ಕೇಳುತ್ತೀಯ, ಯಾಕೆ ಎಂದು. ಹೇಳಲು ನನ್ನಲ್ಲಿ ಏನೂ ಇರುವುದಿಲ್ಲ, ಶಂಶಾದ್. ಆದರೂ ಬರುತ್ತೇನೆ.